ಕುಡುಕ ಬಾಡಿಗಾರ್ಡೇ ಯಾಕೆ ಬೇಕಾಗಿತ್ತು? ‘ಮ್ಯಾನ್ ಆನ್ ಫೈರ್’ ಪ್ರಕರಣ

ಮೆಕ್ಸಿಕೋ ಸಿಟಿಯಲ್ಲಿ ಒಂದು ಶ್ರೀಮಂತರ ಮನೆ. ಒಬ್ಬಳೇ ಮಗಳು, ಇನ್ನೂ ಚಿಕ್ಕವಳು. ಮಕ್ಕಳನ್ನು ಎತ್ತಿಕೊಂಡು ಹೋಗಿ ಹಣ ಕೇಳುವವರ ಕಾಟ ಊರಿನಲ್ಲಿ ಜಾಸ್ತಿಯಾಗಿದೆ. ಅಪ್ಪ ಬಾಡಿಗಾರ್ಡ್ ಹುಡುಕುತ್ತಾನೆ. ಸಂದರ್ಶನಕ್ಕೆ ಬಂದವನಿಗೆ ಅನುಭವ ಬೇಕಾದಷ್ಟಿದೆ, ಆದರೆ ಕೇಳುತ್ತಿರುವ ಸಂಬಳ ತೀರಾ ಕಡಿಮೆ. ಇದರಲ್ಲಿ ಏನೋ ಇದೆಯಲ್ಲ ಅಂತ ಅಪ್ಪನಿಗೆ ಅನುಮಾನ ಬರುತ್ತದೆ. ಕೇಳಿದರೆ ಬಂದವನು ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತಾನೆ: ಕುಡಿಯುತ್ತೇನೆ. ಕೈ ಮೊದಲಿನಷ್ಟು ಚುರುಕಿಲ್ಲ. ನುರಿತ ಕಳ್ಳರು ಬಂದರೆ ನನ್ನಿಂದ ಆದಷ್ಟು ಮಾಡುತ್ತೇನೆ, ಸಂಬಳಕ್ಕೆ ತಕ್ಕ ಕೆಲಸ ಅಷ್ಟೇ.

ಅಪ್ಪ ಅವನನ್ನೇ ಇಟ್ಟುಕೊಳ್ಳುತ್ತಾನೆ. ಕುಡಿತದ ವಿಷಯ ನನ್ನ ಹೆಂಡತಿಗೂ ಗೊತ್ತಾಗಬಾರದು ಅನ್ನುತ್ತಾನೆ.

ಸಿನಿಮಾವನ್ನು ಮೊದಲ ಸಲ ನೋಡುವಾಗ ಈ ದೃಶ್ಯ ಸುಮ್ನೆ ದಾಟಿ ಹೋಗುತ್ತದೆ. ನಾಯಕನಿಗೆ ಒಂದು ದೌರ್ಬಲ್ಯ ಇರಬೇಕಲ್ಲ, ಅದಕ್ಕೆ ಇಟ್ಟಿದ್ದಾರೆ ಅಂದುಕೊಂಡು ಮುಂದೆ ಹೋಗುತ್ತೇವೆ. ಎರಡನೇ ಸಲ ನೋಡಿದಾಗ ನಾನು ಅಲ್ಲೇ ನಿಂತೆ. ಮಗಳ ಜೀವದ ಬಗ್ಗೆ ನಿಜವಾದ ಭಯ ಇರುವ ಅಪ್ಪ ಹೀಗೆ ಮಾಡುತ್ತಾನಾ? 2004ರ ಏಪ್ರಿಲ್‌ನಲ್ಲಿ ತೆರೆಗೆ ಬಂದ, ಟೋನಿ ಸ್ಕಾಟ್ ನಿರ್ದೇಶನದ ಈ ಸಿನಿಮಾದ ಇಡೀ ಕಥೆ ಆ ಒಂದು ನೇಮಕಾತಿಯಲ್ಲೇ ಇದೆ ಅನ್ನುವುದು ನನ್ನ ವಾದ. ಆ ಎಳೆ ಹಿಡಿದು ಈ ಪ್ರಕರಣವನ್ನು ಬಿಚ್ಚುತ್ತೇನೆ. ಕೊನೆ ಏನಾಗುತ್ತದೆ ಅನ್ನುವುದನ್ನೂ ಹೇಳುತ್ತೇನೆ, ಹಾಗಾಗಿ ಸಿನಿಮಾ ನೋಡದವರು ಮೊದಲು ನೋಡಿ ಬನ್ನಿ. 146 ನಿಮಿಷ ಇದೆ.

ಯಾರು ಯಾರು

ಬಾಡಿಗಾರ್ಡ್ ಹೆಸರು ಕ್ರೀಸಿ. ಪಾತ್ರ ಮಾಡಿದವರು ಡೆನ್ಜೆಲ್ ವಾಷಿಂಗ್ಟನ್. ಅಮೆರಿಕದ ಸರ್ಕಾರಕ್ಕಾಗಿ ಕೊಲ್ಲುವ ಕೆಲಸ ಮಾಡಿ ಮಾಡಿ ಒಳಗೆ ಖಾಲಿಯಾದ ಮನುಷ್ಯ. ಹುಡುಗಿ ಪೀಟಾ, ಅಂದರೆ ಡಕೋಟಾ ಫ್ಯಾನಿಂಗ್. 2003ರಲ್ಲಿ ಚಿತ್ರೀಕರಣ ನಡೆಯುವಾಗ ಆಕೆಗೆ ಒಂಬತ್ತು ವರ್ಷ. ಅಪ್ಪ ಸ್ಯಾಮುಯೆಲ್ ರಾಮೋಸ್, ಕಾರ್ಖಾನೆ ಇರುವವನು. ಅಮ್ಮ ಲೀಸಾ, ಅಮೆರಿಕದವಳು. ಮನೆಯ ವಕೀಲ ಕಾಲ್ಫಸ್. ಕ್ರೀಸಿಯ ಹಳೆಯ ಗೆಳೆಯ ರೇಬರ್ನ್. ಈ ಕೆಲಸ ಕೊಡಿಸಿದ್ದು ಅವನೇ. ಅಪಹರಣಕಾರರ ಯಜಮಾನನ ಮುಖ ಯಾರಿಗೂ ಗೊತ್ತಿಲ್ಲ. ಫೋನಿನಲ್ಲಿ ಕೇಳುವ ದನಿ ಮಾತ್ರ ಗೊತ್ತು, ಹಾಗಾಗಿ ಅವನ ಹೆಸರೇ ‘ದನಿ’.

ಪಾತ್ರಗಳು ಇನ್ನೂ ಇವೆ. ಸಂದರ್ಭ ಬಂದಾಗ ಹೇಳುತ್ತೇನೆ.

ಕಥೆ ಇಟಲಿಯಿಂದ ಎದ್ದು ಬಂದದ್ದು

ಈ ಕಥೆ ಹುಟ್ಟಿದ್ದು ಮೆಕ್ಸಿಕೋದಲ್ಲಿ ಅಲ್ಲ. ಎ. ಜೆ. ಕ್ವಿನೆಲ್ ಅನ್ನುವ ಹೆಸರಿನಲ್ಲಿ ಫಿಲಿಪ್ ನಿಕೋಲ್ಸನ್ ಎಂಬ ಇಂಗ್ಲಿಷ್ ಲೇಖಕ 1980ರಲ್ಲಿ ಬರೆದ ಕಾದಂಬರಿ ಇದರ ಮೂಲ. ಅದು ನಡೆಯುವುದು ಇಟಲಿಯಲ್ಲಿ ಮತ್ತು ಮಾಲ್ಟಾ ದೇಶದ ಗೋಜೋ ದ್ವೀಪದಲ್ಲಿ. ಎಪ್ಪತ್ತರ ದಶಕದ ಇಟಲಿಗೆ ಅಪಹರಣ ಅನ್ನುವುದು ಒಂದು ಧಂದೆಯೇ ಆಗಿಹೋಗಿತ್ತು. 1973ರಲ್ಲಿ ರೋಮ್‌ನಿಂದ ಎತ್ತಿಕೊಂಡು ಹೋದ, ಎಣ್ಣೆ ದೊರೆ ಗೆಟ್ಟಿಯ ಮೊಮ್ಮಗನ ಕಿವಿ ಕತ್ತರಿಸಿ ಅಂಚೆಯಲ್ಲಿ ಕಳಿಸಿದ್ದು ಜಗತ್ತಿಗೆಲ್ಲಾ ಗೊತ್ತಾದ ಸುದ್ದಿ. ಹುಡುಗನಿಗೆ ಆಗ 16 ವರ್ಷ.

ಈ ಕಾದಂಬರಿ 1987ರಲ್ಲೇ ಒಂದು ಸಲ ಸಿನಿಮಾ ಆಗಿತ್ತು. ಆಗ ಕ್ರೀಸಿಯಾಗಿದ್ದವರು ಸ್ಕಾಟ್ ಗ್ಲೆನ್, ಕಥೆ ಇಟಲಿಯಲ್ಲೇ ಇತ್ತು. ಟೋನಿ ಸ್ಕಾಟ್ ಕೈಗೆ ಬರುವಷ್ಟರಲ್ಲಿ ಇಟಲಿ ಬದಲಾಗಿತ್ತು. 1991ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಯಾರನ್ನಾದರೂ ಅಪಹರಿಸಿದರೆ ಅವರ ಮನೆಯವರ ಆಸ್ತಿ, ಬ್ಯಾಂಕ್ ಖಾತೆ ಎಲ್ಲವನ್ನೂ ಸರ್ಕಾರ ತಡೆಹಿಡಿಯುತ್ತದೆ. ಕೊಡೋಣ ಅಂದರೂ ಕೊಡಲು ಹಣವೇ ಕೈಗೆ ಸಿಗುವುದಿಲ್ಲ. ಕೇಳಲು ಕ್ರೂರ ಅನಿಸುತ್ತದೆ, ಅಲ್ವಾ? ಆದರೆ ಕೊಡುವ ಕೈ ಕಟ್ಟಿದರೆ ಕೇಳುವ ಬಾಯಿ ಮುಚ್ಚುತ್ತದೆ ಅನ್ನುವುದು ಲೆಕ್ಕಾಚಾರ. ಆ ದಶಕ ಕಳೆಯುವ ಹೊತ್ತಿಗೆ ಅಲ್ಲಿ ಇಂಥ ಅಪಹರಣಗಳು ಬಹಳ ಮಟ್ಟಿಗೆ ನಿಂತವು.

ಅದೇ ಹೊತ್ತಿಗೆ ಮೆಕ್ಸಿಕೋದಲ್ಲಿ ಬೆಂಕಿ ಹೊತ್ತಿಕೊಂಡಿತ್ತು. ಡೇನಿಯಲ್ ಅರಿಜ್ಮೆಂಡಿ ಅನ್ನುವವನು ಅಪಹರಿಸಿದವರ ಕಿವಿ ಕತ್ತರಿಸಿ ಮನೆಗೆ ಕಳಿಸುತ್ತಿದ್ದ. ಜನ ಅವನನ್ನು ಕರೆಯುತ್ತಿದ್ದುದೇ ‘ಕಿವಿ ಕತ್ತರಿಸುವವನು’ ಅಂತ. 1998ರ ಆಗಸ್ಟ್‌ನಲ್ಲಿ ಸಿಕ್ಕಿಬಿದ್ದ. ಅವನು ಒಂದು ಕಾಲದಲ್ಲಿ ಪೊಲೀಸ್ ಕೆಲಸದಲ್ಲಿದ್ದವನು ಅನ್ನುವುದನ್ನು ಗಮನಿಸಿ. ಸಿನಿಮಾ ಬಂದು ಎರಡು ತಿಂಗಳಾಗಿತ್ತಷ್ಟೇ, 2004ರ ಜೂನ್ 27ರಂದು ಮೆಕ್ಸಿಕೋ ಸಿಟಿಯಲ್ಲಿ ಲಕ್ಷಾಂತರ ಜನ ಬಿಳಿ ಬಟ್ಟೆ ತೊಟ್ಟು ಅಪಹರಣದ ವಿರುದ್ಧ ಬೀದಿಗಿಳಿದರು. ಕಥೆಯನ್ನು ಅಲ್ಲಿಗೆ ತಂದು ನೆಟ್ಟಿದ್ದು ಬರೀ ಬಣ್ಣಕ್ಕಾಗಿ ಅಲ್ಲ.

ಆದರೆ ಒಂದು ತಕರಾರು ಇದೆ. ಸಿನಿಮಾ ಶುರುವಾಗುವಾಗ ತೆರೆಯ ಮೇಲೆ ಬರುವ ಅಂಕಿ: ಲ್ಯಾಟಿನ್ ಅಮೆರಿಕದಲ್ಲಿ ಗಂಟೆಗೊಂದು ಅಪಹರಣ, ಅದರಲ್ಲಿ ನೂರಕ್ಕೆ ಎಪ್ಪತ್ತು ಜನ ಬದುಕಿ ಬರುವುದಿಲ್ಲ. ಎರಡನೇ ಅಂಕಿಯನ್ನು ನಾನು ನುಂಗಲಾರೆ. ಹಣಕ್ಕಾಗಿ ಅಪಹರಿಸುವವನ ವ್ಯಾಪಾರ ನಿಂತಿರುವುದೇ ‘ಹಣ ಕೊಟ್ಟರೆ ಜೀವಂತ ವಾಪಸ್ ಬರುತ್ತಾರೆ’ ಅನ್ನುವ ನಂಬಿಕೆಯ ಮೇಲೆ. ಹತ್ತರಲ್ಲಿ ಏಳು ಜನರನ್ನು ಕೊಂದರೆ ನಾಳೆ ಯಾರು ದುಡ್ಡು ಕೊಡುತ್ತಾರೆ? ಆ ಅಂಕಿ ಬಂದಿರುವುದು ನಮಗೆ ಮಾಹಿತಿ ಕೊಡಲು ಅಲ್ಲ. ಮುಂದೆ ‘ಪೀಟಾ ಸತ್ತಳು’ ಅಂದಾಗ ನಾವು ಎರಡು ಮಾತಿಲ್ಲದೆ ನಂಬಲಿ ಅಂತ ಮೊದಲೇ ಹಾಸಿಟ್ಟ ಚಾಪೆ ಅದು.

ಈಜುಕೊಳ

ಸೇಡಿನ ಸಿನಿಮಾ ಅಂತ ಕೂತವರಿಗೆ ಸುಮಾರು ಮೂರನೇ ಒಂದು ಭಾಗ ಮುಗಿಯುವ ತನಕ ಸೇಡಿನ ಸುಳಿವೇ ಸಿಗುವುದಿಲ್ಲ. ಒಬ್ಬ ಮುಂಗೋಪಿ ಮನುಷ್ಯ, ಒಂದು ಮಗು, ಒಂದು ಕಾರು. ಶಾಲೆಗೆ ಬಿಡುವುದು, ಕರೆತರುವುದು. ಹಿಂದಿನ ಸೀಟಿನಿಂದ ಪೀಟಾ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾಳೆ. ನನ್ನ ಕೆಲಸ ನಿನ್ನನ್ನು ಕಾಯುವುದು, ನಿನ್ನ ಜೊತೆ ಗೆಳೆತನ ಮಾಡುವುದಲ್ಲ ಅಂತ ಇವನು ಸಿಡುಕುತ್ತಾನೆ. ಅವಳು ತಲೆಗೆ ಹಾಕಿಕೊಳ್ಳುವುದಿಲ್ಲ. ಅವನು ದುಃಖದಲ್ಲಿರುವ ದೊಡ್ಡ ಕರಡಿ ಅಂತ ಅವಳ ತೀರ್ಮಾನ. ತನ್ನ ಆಟದ ಕರಡಿಗೂ ಅವನ ಹೆಸರೇ ಇಡುತ್ತಾಳೆ.

ಒಂದು ರಾತ್ರಿ ಕ್ರೀಸಿ ತಲೆಗೆ ಪಿಸ್ತೂಲು ಇಟ್ಟುಕೊಂಡು ಕುದುರೆ ಎಳೆಯುತ್ತಾನೆ. ಗುಂಡು ಹಾರುವುದಿಲ್ಲ. ಹೊರಗೆ ಮಳೆ. ಅವನು ರೇಬರ್ನ್‌ಗೆ ಫೋನ್ ಮಾಡಿ, ಗುಂಡು ಯಾಕೆ ಹಾರಲಿಲ್ಲ ಅಂತ ವಿಚಾರಿಸುತ್ತಾನೆ, ಮೆಕ್ಯಾನಿಕ್ ಹತ್ತಿರ ಗಾಡಿ ಯಾಕೆ ಸ್ಟಾರ್ಟ್ ಆಗಲಿಲ್ಲ ಅಂತ ಕೇಳಿದ ಹಾಗೆ. ಆ ಗುಂಡನ್ನು ಎಸೆಯದೆ ಇಟ್ಟುಕೊಳ್ಳುತ್ತಾನೆ. ಈ ಗುಂಡನ್ನು ನೆನಪಿಡಿ.

ಇನ್ನು ಈಜು. ಪೀಟಾ ನೀರಿಗೆ ಬಿದ್ದಮೇಲೆ ಮೀನು. ಆದರೆ ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತಾಳೆ. ಕ್ರೀಸಿ ದೂರದಲ್ಲಿ ಕೂತು ನೋಡುತ್ತಾನೆ. ಅವನಿಗೆ ಕಾಯಿಲೆ ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಸ್ಪರ್ಧೆ ಶುರು ಮಾಡಲು ಹಾರಿಸುತ್ತಾರಲ್ಲ ಪಿಸ್ತೂಲು, ಆ ಸದ್ದಿಗೆ ಅವಳು ಬೆಚ್ಚುತ್ತಾಳೆ. ಬೆಚ್ಚಿದ ಆ ಅರೆಕ್ಷಣದಲ್ಲಿ ಉಳಿದವರು ನೀರಿನಲ್ಲಿರುತ್ತಾರೆ. ಅವನು ಹೇಳಿಕೊಡುವುದು ಈಜಲ್ಲ. ಸದ್ದನ್ನು ಕೇಳುವುದನ್ನು. ಕಟ್ಟೆಯ ಮೇಲೆ ನಿಂತಿರುವ ತನಕ ನೀನು ಸೆರೆಯಲ್ಲಿದ್ದೀಯ, ಗುಂಡಿನ ಸದ್ದು ಬಂದು ನಿನ್ನನ್ನು ಬಿಡಿಸುತ್ತದೆ, ಆ ಸದ್ದಿಗಾಗಿ ಕಾದು ಕೂತಿರು. ಮತ್ತೆ ಮತ್ತೆ ಅಭ್ಯಾಸ. ಗಟ್ಟಿಗರು ಅಂತ ಯಾರೂ ಇಲ್ಲ, ಕಲಿತವರು, ಕಲಿಯದವರು ಅಂತ ಎರಡೇ ಜಾತಿ ಅನ್ನುವುದು ಅವನ ಸಿದ್ಧಾಂತ.

ಅವಳು ಗೆಲ್ಲುತ್ತಾಳೆ. ಅವನು ನಗುತ್ತಾನೆ. ಕುಡಿತ ಕಡಿಮೆಯಾಗುತ್ತದೆ.

ಇಲ್ಲಿ ಚಿತ್ರಕಥೆ ಬರೆದ ಬ್ರಯಾನ್ ಹೆಲ್ಗಲಂಡ್ ಅವರ ಕಸುಬು ನೋಡಿ. ಗುಂಡಿನ ಸದ್ದು ಇಬ್ಬರ ಬದುಕಿನಲ್ಲೂ ಇದೆ. ಅವನ ಗುಂಡು ಹಾರದೆ ಅವನು ಉಳಿದ. ಅವಳು ಗುಂಡಿನ ಸದ್ದಿಗೆ ಹೆದರದೆ ಗೆದ್ದಳು. ಎರಡನ್ನೂ ಒಂದು ಮಾತಿನಲ್ಲೂ ಜೋಡಿಸಿ ತೋರಿಸುವುದಿಲ್ಲ, ಪಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ. ಮುಂದಿನ ಒಂದೂವರೆ ಗಂಟೆಯಲ್ಲಿ ಕ್ರೀಸಿ ಎಂಥ ಹೇಯ ಕೆಲಸ ಮಾಡಿದರೂ ನಾವು ಅವನ ಪಕ್ಕ ಬಿಟ್ಟು ಏಳುವುದಿಲ್ಲ. ಅದಕ್ಕೆ ಬೇಕಾದ ಸಾಲವನ್ನು ಸಿನಿಮಾ ಈ ಈಜುಕೊಳದಲ್ಲಿ ನಮ್ಮಿಂದ ತೆಗೆದುಕೊಂಡಿರುತ್ತದೆ.

ಪಿಯಾನೋ ಕ್ಲಾಸಿನ ಹೊರಗೆ

ಅಪಹರಣ ಆಗುವುದು ಪಿಯಾನೋ ಕ್ಲಾಸಿನ ಬಾಗಿಲಲ್ಲಿ. ಬರೆದವರಿಗೆ ವಿಷಯ ಗೊತ್ತಿದೆ. ಇಂಥ ಅಪಹರಣಕ್ಕೆ ಬೇಕಾದದ್ದು ಎರಡೇ: ಗೊತ್ತಿರುವ ಜಾಗ, ಗೊತ್ತಿರುವ ಹೊತ್ತು. ಮನೆಯ ಗೇಟು, ಶಾಲೆಯ ಗೇಟು, ಪಾಠದ ಮನೆಯ ಬಾಗಿಲು. ದಾರಿ ಎಷ್ಟು ಬದಲಾಯಿಸಿದರೂ ಹೊರಡುವ ಮತ್ತು ತಲುಪುವ ಜಾಗ ಬದಲಾಗುವುದಿಲ್ಲ. ಬಾಡಿಗಾರ್ಡ್ ಕೆಲಸ ಮಾಡುವವರಿಗೆ ನಿದ್ದೆ ಕೆಡಿಸುವುದು ಈ ಬಾಗಿಲುಗಳೇ.

ಆ ಕಸುಬಿನ ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಸಿನಿಮಾದ ಬಾಡಿಗಾರ್ಡ್ ಗುಂಡು ಹಾರಿಸುತ್ತಾನೆ. ನಿಜವಾದ ಬಾಡಿಗಾರ್ಡ್ ಕಾಯಬೇಕಾದವರನ್ನು ಎಳೆದುಕೊಂಡು ಓಡುತ್ತಾನೆ. ಹೊಡೆದಾಟಕ್ಕೆ ನಿಲ್ಲುವುದು ಕೊನೆಯ ದಾರಿ. ಹೊಡೆದಾಟ ಶುರುವಾಯಿತು ಅಂದರೆ ಅದಕ್ಕಿಂತ ಮುಂಚಿನ ಕೆಲಸದಲ್ಲಿ ಎಲ್ಲೋ ತೂತು ಬಿದ್ದಿದೆ ಅಂತ ಅರ್ಥ. ಈ ಅಳತೆಗೋಲಿನಲ್ಲಿ ಕ್ರೀಸಿ ಸೋತವನು. ಅವನು ಒಬ್ಬನೇ. ಕಾರು ಓಡಿಸುವವನೂ ಅವನೇ, ಸುತ್ತ ಕಣ್ಣಿಡುವವನೂ ಅವನೇ, ಮಗುವಿನ ಪಕ್ಕ ನಿಲ್ಲಬೇಕಾದವನೂ ಅವನೇ. ಇದು ಒಬ್ಬನ ಕೈಲಿ ಆಗುವ ಕೆಲಸ ಅಲ್ಲವೇ ಅಲ್ಲ. ಒಬ್ಬನನ್ನೇ ಇಟ್ಟವನು ಯಾರು? ಅಪ್ಪ. ಇದನ್ನೂ ಮೊದಲ ಪ್ರಶ್ನೆಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ದೃಶ್ಯಕ್ಕೆ ಬರೋಣ. ಬೀದಿಯಲ್ಲಿ ಏನೋ ಸರಿಯಿಲ್ಲ ಅಂತ ಕ್ರೀಸಿಗೆ ಅನಿಸುತ್ತದೆ. ಒಂದು ಕಾರು ಇರಬಾರದ ಜಾಗದಲ್ಲಿದೆ. ಬೀದಿಗೆ ಅಡ್ಡ ಬಂದವರಲ್ಲಿ ಪೊಲೀಸ್ ಸಮವಸ್ತ್ರದವರೂ ಇದ್ದಾರೆ. ಅಷ್ಟರಲ್ಲಿ ಪೀಟಾ ಕುಣಿಯುತ್ತಾ ಹೊರಗೆ ಬರುತ್ತಾಳೆ. ಅವನು ಗಾಳಿಗೆ ಗುಂಡು ಹಾರಿಸುತ್ತಾನೆ. ಅವಳಿಗೆ ಗೊತ್ತು, ಆ ಸದ್ದು ಕೇಳಿದರೆ ಬೆಚ್ಚಬಾರದು, ಹೊರಡಬೇಕು. ಹೊರಟೇಬಿಡುತ್ತಾಳೆ. ಈಜುಕೊಳದಲ್ಲಿ ಕಲಿತದ್ದು ಬೀದಿಯಲ್ಲಿ ಕೆಲಸ ಮಾಡುತ್ತದೆ.

ಆಮೇಲೆ ಅವನಿಗೆ ಗುಂಡು ತಗಲುತ್ತದೆ. ಓಡುತ್ತಿದ್ದವಳು ನಿಂತು ತಿರುಗಿ ನೋಡುತ್ತಾಳೆ. ಕಿರುಚುತ್ತಾ ಅವನ ಕಡೆಗೇ ಓಡಿ ಬರುತ್ತಾಳೆ. ಓಡುವುದನ್ನು ಅವನು ಕಲಿಸಿದ್ದ. ತಿರುಗಿ ನೋಡಬೇಡ ಅನ್ನುವುದನ್ನು ಕಲಿಸಿರಲಿಲ್ಲ. ಅವನೇ ಕಷ್ಟಪಟ್ಟು ಕಟ್ಟಿದ ಪ್ರೀತಿ ಅವಳನ್ನು ವಾಪಸ್ ಎಳೆದು ತಂದಿತು. ಕಾಯಬೇಕಾದವಳ ಜೊತೆ ಗೆಳೆತನ ಬೇಡ ಅಂತ ಅವನು ಮೊದಲ ದಿನ ಹೇಳಿದ ಮಾತು ಕಸುಬಿನ ದೃಷ್ಟಿಯಿಂದ ಸರಿಯಾಗೇ ಇತ್ತು! ಇಷ್ಟು ಕಹಿಯಾದ ತಿರುವನ್ನು ಇಷ್ಟು ಸದ್ದುಗದ್ದಲದ ಸಿನಿಮಾದಲ್ಲಿ ನಾನು ನಿರೀಕ್ಷಿಸಿರಲಿಲ್ಲ.

ಹಣದ ಚೀಲ

ಬೇಡಿಕೆ ಬರುತ್ತದೆ. ಒಂದು ಕೋಟಿ ಡಾಲರ್. ಮನೆಯವರ ಹತ್ತಿರ ಅಪಹರಣದ ವಿಮೆ ಇದೆ. ಹಣ ಕೊಡಲು ಹೋದ ಜಾಗದಲ್ಲಿ ಬೇರೊಂದು ಗುಂಪು ಬಿದ್ದು ಚೀಲ ಹೊಡೆಯುತ್ತದೆ. ಗುಂಡಿನ ಕಾಳಗದಲ್ಲಿ ‘ದನಿ’ಯ ಹತ್ತಿರದ ನೆಂಟರ ಹುಡುಗ ಸಾಯುತ್ತಾನೆ. ‘ದನಿ’ ಫೋನ್ ಮಾಡಿ, ಹುಡುಗಿ ಇನ್ನಿಲ್ಲ ಅನ್ನುತ್ತಾನೆ.

ಅಪಹರಣದ ವಿಮೆ ಅನ್ನುವುದು ಕಟ್ಟುಕಥೆ ಅಲ್ಲ. 1932ರಲ್ಲಿ ಅಮೆರಿಕದ ವಿಮಾನ ವೀರ ಲಿಂಡ್‌ಬರ್ಗ್ ಅವರ ಕೂಸಿನ ಅಪಹರಣ ಆದಮೇಲೆ ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆಯಲ್ಲಿ ಇಂಥ ಪಾಲಿಸಿಗಳು ಶುರುವಾದವು. ಅದರಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಪಾಲಿಸಿ ಇದೆ ಅನ್ನುವುದು ಗುಟ್ಟಾಗಿರಬೇಕು. ಕಾರಣ ಸರಳ. ವಿಮೆ ಇದೆ ಅಂತ ಗೊತ್ತಾದರೆ ಆ ಮಗುವಿನ ಮೇಲೆ ಬೆಲೆಪಟ್ಟಿ ಅಂಟಿಸಿದ ಹಾಗೆ. ಹೊರಗಿನವರಿಗೆ ಗೊತ್ತಾಗದಂತೆ ನೋಡಿಕೊಳ್ಳಬಹುದು. ಒಳಗಿನವರಿಗೆ ಗೊತ್ತೇ ಇರುತ್ತದಲ್ಲ?

ನೋಟ್‌ಬುಕ್ಕಿನಿಂದ ಮೇಲಕ್ಕೆ

ಸಾಯುವ ಸ್ಥಿತಿಯಿಂದ ಎದ್ದ ಕ್ರೀಸಿಗೆ ಪೀಟಾ ಸತ್ತ ಸುದ್ದಿ ಸಿಗುತ್ತದೆ. ಅವಳ ಕೋಣೆಗೆ ಹೋಗುತ್ತಾನೆ. ಅವಳ ನೋಟ್‌ಬುಕ್ ಸಿಗುತ್ತದೆ. ಹಿಂಬಾಲಿಸುತ್ತಿದ್ದ ಕಾರಿನ ನಂಬರನ್ನು ಅವಳು ಅದರಲ್ಲಿ ಬರೆದಿಟ್ಟಿರುತ್ತಾಳೆ. ಇಡೀ ಊರಿನ ಪೊಲೀಸರಿಗೆ ಸಿಗದ ಸುಳಿವು, ಒಂದು ಮಗು ಪೆನ್ಸಿಲಿನಲ್ಲಿ ಬರೆದದ್ದು. ಯಾರು ಯಾರನ್ನು ಕಾಯುತ್ತಿದ್ದರು ಅಂತ ಕೇಳಬೇಕು ಅನಿಸುತ್ತದೆ.

ಅಲ್ಲಿಂದ ಅವನು ಮೆಟ್ಟಿಲು ಹತ್ತುತ್ತಾ ಹೋಗುತ್ತಾನೆ. ಕಾರು ಓಡಿಸಿದ ಪೊಲೀಸು. ಅವನ ಮೇಲಿನವರು. ಅವರ ಮೇಲೆ ಫ್ಯುವೆಂಟೆಸ್ ಅನ್ನುವ ಅಧಿಕಾರಿ. ಈ ಮಹಾನುಭಾವ ಅಪಹರಣ ತಡೆ ವಿಭಾಗಕ್ಕೇ ಮುಖ್ಯಸ್ಥ! ಚೀಲ ಹೊಡೆದದ್ದು ಇವನ ಗುಂಪು. ಅವನು ಬಾಯಿ ಬಿಟ್ಟಾಗ ಇನ್ನೊಂದು ವಿಷಯ ಹೊರಬೀಳುತ್ತದೆ. ಚೀಲದಲ್ಲಿ ಹಣ ಸ್ವಲ್ಪ, ಉಳಿದದ್ದು ಬರೀ ಕಾಗದ. ಅಂದರೆ ಕಳ್ಳರು ಕದಿಯುವ ಮೊದಲೇ ಯಾರೋ ಕದ್ದಿದ್ದರು.

ಈ ಭಾಗದ ಹಿಂಸೆ ಸಣ್ಣದಲ್ಲ. ಸ್ಟಿಯರಿಂಗಿಗೆ ಕೈ ಕಟ್ಟಿ ಬೆರಳು ಕತ್ತರಿಸುವುದು, ರಕ್ತ ನಿಲ್ಲಿಸಲು ಕಾರಿನ ಸಿಗರೇಟ್ ಲೈಟರಿನಿಂದ ಸುಡುವುದು. ನನಗೆ ನೋಡಲು ಕಷ್ಟವಾಯಿತು. ಅದಕ್ಕಿಂತ ಕಷ್ಟವಾದದ್ದು ನನ್ನೊಳಗೆ ‘ಆಗಲಿ ಬಿಡು’ ಅಂತ ಒಂದು ದನಿ ಎದ್ದದ್ದು. ನಿರ್ದೇಶಕರು ಇಲ್ಲಿ ಸ್ವಲ್ಪ ಮೋಸವನ್ನೂ ಮಾಡುತ್ತಾರೆ. ಛಾಯಾಗ್ರಾಹಕ ಪಾಲ್ ಕ್ಯಾಮರನ್ ಹಳೆಯ ಕಾಲದ, ಕೈಯಲ್ಲಿ ತಿರುಗಿಸುವ ಕ್ಯಾಮೆರಾ ಬಳಸಿದ್ದಾರೆ. ಒಂದರ ಮೇಲೊಂದು ಬಿದ್ದ ಚಿತ್ರಗಳು, ಸುಟ್ಟಂಥ ಬಣ್ಣ, ತೆರೆಯ ಮೇಲೆ ಓಡಾಡುವ ಅಕ್ಷರಗಳು. ಅಡಿಬರಹ ಅಡಿಯಲ್ಲೇ ನಿಲ್ಲುವುದಿಲ್ಲ, ಇಂಗ್ಲಿಷ್ ಮಾತಿಗೂ ಒಮ್ಮೊಮ್ಮೆ ಬರುತ್ತದೆ. ಕ್ರೀಸಿಯ ತಲೆ ಕೆಟ್ಟಿರುವುದನ್ನು ನಮ್ಮ ಕಣ್ಣಿಗೆ ದಾಟಿಸುವ ಉಪಾಯ ಇದು, ಕೆಲಸ ಮಾಡುತ್ತದೆ ಕೂಡ. ಆದರೆ ಅದೇ ಗೊಂದಲದಲ್ಲಿ ಚಿತ್ರಹಿಂಸೆ ಚಂದ ಕಾಣಲು ಶುರುವಾಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ವಿಮರ್ಶಕರಲ್ಲಿ ಹಲವರು ಆಗಲೂ ಒಪ್ಪಲಿಲ್ಲ. ಪ್ರೇಕ್ಷಕರು ಬೇರೆ ತೀರ್ಪು ಕೊಟ್ಟರು, ಜಗತ್ತಿನಾದ್ಯಂತ ಸುಮಾರು 13 ಕೋಟಿ ಡಾಲರ್ ಗಳಿಕೆ ಆಯಿತು.

ಸಿನಿಮಾದಲ್ಲಿ ಒಬ್ಬನೇ ಒಬ್ಬ ನೆಟ್ಟಗಿರುವ ಪೊಲೀಸ್ ಅಧಿಕಾರಿ ಇದ್ದಾನೆ, ಮಾಂಜಾನೋ. ಅವನು ಎ.ಎಫ್.ಐ. ಅನ್ನುವ ಕೇಂದ್ರ ತನಿಖಾ ಸಂಸ್ಥೆಯವನು. ಅದು ನಿಜವಾಗಲೂ ಇದ್ದ ಸಂಸ್ಥೆ. 2001ರಲ್ಲಿ ಮೆಕ್ಸಿಕೋ ಸರ್ಕಾರ ಕಟ್ಟಿದ್ದು, ಹಳೆಯ ಕೊಳಕು ತೊಳೆಯಲು ಬಂದ ಹೊಸ ಪೊರಕೆ ಅಂತ ಹೆಸರು. ಕಥೆಯಲ್ಲಿ ಅದು ಶುದ್ಧ. ನಿಜದಲ್ಲಿ ಏನಾಯಿತು ಗೊತ್ತೇ? 2005ರ ಡಿಸೆಂಬರ್‌ನಲ್ಲಿ ಅದೇ ಸಂಸ್ಥೆ ಅಪಹೃತರನ್ನು ಬಿಡಿಸುವ ಕಾರ್ಯಾಚರಣೆಯನ್ನು ಟಿವಿಯಲ್ಲಿ ನೇರಪ್ರಸಾರದಂತೆ ತೋರಿಸಿತು. ಆಮೇಲೆ ನೋಡಿದರೆ ಆರೋಪಿಗಳನ್ನು ಮೊದಲೇ ಹಿಡಿದಿಟ್ಟುಕೊಂಡು ಕ್ಯಾಮೆರಾಗಾಗಿ ಮತ್ತೆ ನಾಟಕ ಆಡಿಸಿದ್ದರು. ಅದರಲ್ಲಿ ಸಿಕ್ಕಿಬಿದ್ದ ಫ್ರೆಂಚ್ ಮಹಿಳೆ ಫ್ಲೋರೆನ್ಸ್ ಕಾಸೆಜ್ ಅವರನ್ನು 2013ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಆ ಸಂಸ್ಥೆಯ ಮೊದಲ ಮುಖ್ಯಸ್ಥ ಹೆನಾರೋ ಗಾರ್ಸಿಯಾ ಲೂನಾ ಮಾದಕವಸ್ತು ಗುಂಪಿನಿಂದ ಲಂಚ ತಿಂದದ್ದು ಸಾಬೀತಾಗಿ, 2023ರಲ್ಲಿ ನ್ಯೂಯಾರ್ಕ್‌ನಲ್ಲಿ ತಪ್ಪಿತಸ್ಥ ಅನಿಸಿಕೊಂಡ. 2024ರಲ್ಲಿ 38 ವರ್ಷಕ್ಕೂ ಜಾಸ್ತಿ ಶಿಕ್ಷೆಯಾಯಿತು. ಮೆಟ್ಟಿಲು ಹತ್ತುತ್ತಾ ಹೋದರೆ ಮೇಲೆ ಯಾರಿರುತ್ತಾರೆ ಅನ್ನುವ ವಿಷಯದಲ್ಲಿ ಸಿನಿಮಾವೇ ಸ್ವಲ್ಪ ಮೃದುವಾಯಿತು ಅನ್ನಬೇಕು.

ಮೊದಲ ಪ್ರಶ್ನೆಗೆ ಉತ್ತರ

ಚೀಲದ ಹಣ ಕದ್ದವರನ್ನು ಹುಡುಕಿಕೊಂಡು ಹೋದ ಕ್ರೀಸಿ ಕೊನೆಗೆ ಬಂದು ನಿಲ್ಲುವುದು ಅದೇ ಮನೆಯ ಬಾಗಿಲಿಗೆ. ಸ್ಯಾಮುಯೆಲ್ ಒಪ್ಪಿಕೊಳ್ಳುತ್ತಾನೆ. ಅವನ ಅಪ್ಪ ಬಿಟ್ಟುಹೋದದ್ದು ಕಾರ್ಖಾನೆ ಮಾತ್ರ ಅಲ್ಲ, ಸಾಲದ ಹೊರೆ ಕೂಡ. ಅದನ್ನು ತೀರಿಸಲು ವಕೀಲ ಕಾಲ್ಫಸ್ ದಾರಿ ತೋರಿಸಿದ. ಮಗಳನ್ನು ಒಂದೆರಡು ದಿನ ‘ಅಪಹರಿಸಿ’ ವಿಮೆಯ ಹಣ ಹಂಚಿಕೊಳ್ಳುವುದು, ಮಗು ಕೂದಲೂ ಕೊಂಕದೆ ಮನೆಗೆ ಬರುತ್ತದೆ ಅಂತ ಮಾತು.

ಈಗ ಮೊದಲ ದೃಶ್ಯಕ್ಕೆ ವಾಪಸ್ ಹೋಗಿ. ವಿಮೆ ಉಳಿಯಬೇಕಾದರೆ ಬಾಡಿಗಾರ್ಡ್ ಇರಬೇಕು. ಹೆಂಡತಿಯ ಸಮಾಧಾನಕ್ಕೂ ಬೇಕು. ಯಾರೋ ಒಬ್ಬ ಇದ್ದರಾಯಿತು, ಒಳ್ಳೆಯವನೇ ಆಗಬೇಕೆಂದಿಲ್ಲ ಅನ್ನುವ ಅರ್ಥದಲ್ಲಿ ಕಾಲ್ಫಸ್ ಆರಂಭದಲ್ಲೇ ಸ್ಯಾಮುಯೆಲ್‌ಗೆ ಹೇಳಿರುತ್ತಾನೆ. ಕಡಿಮೆ ಸಂಬಳಕ್ಕೆ ಬರುವ, ಕೈ ನಡುಗುವ, ಸತ್ತರೂ ಕೇಳುವವರಿಲ್ಲದ ಒಬ್ಬ ಕುಡುಕ. ಇಂಥವನನ್ನು ಹುಡುಕಿದರೂ ಸಿಗುವುದು ಕಷ್ಟ! ಲೆಕ್ಕ ತಪ್ಪಿದ್ದು ಒಂದೇ ಕಡೆ. ಆ ಕುಡುಕ ಮಗುವಿನ ಜೊತೆ ಈಜುಕೊಳದ ಪಕ್ಕ ಕೂರುತ್ತಾನೆ, ಮತ್ತೆ ಮನುಷ್ಯನಾಗುತ್ತಾನೆ ಅಂತ ಯಾರೂ ಎಣಿಸಿರಲಿಲ್ಲ.

ಕ್ರೀಸಿ ಸ್ಯಾಮುಯೆಲ್‌ನನ್ನು ಕೊಲ್ಲುವುದಿಲ್ಲ. ಅಂದು ಹಾರದ ಆ ಗುಂಡನ್ನು ಪಿಸ್ತೂಲಿನ ಜೊತೆ ಅವನ ಮುಂದಿಟ್ಟು ಹೊರಟುಹೋಗುತ್ತಾನೆ. ಸ್ಯಾಮುಯೆಲ್ ಕೈಯಲ್ಲಿ ಅದು ಹಾರುತ್ತದೆ. ಎಲ್ಲರಿಗೂ ತನ್ನ ಕೈಯಾರೆ ಶಿಕ್ಷೆ ಕೊಟ್ಟವನು ನಿಜವಾದ ಅಪರಾಧಿಯ ವಿಷಯದಲ್ಲಿ ಕೈ ಎತ್ತಲಿಲ್ಲ. ಮಗುವಿನ ಅಪ್ಪ ಅಂತ ಇರಬೇಕು. ಸಿನಿಮಾ ಬಿಡಿಸಿ ಹೇಳುವುದಿಲ್ಲ, ಹೇಳದಿದ್ದದ್ದೇ ಒಳ್ಳೆಯದಾಯಿತು.

ಕಾದಂಬರಿಯನ್ನು ತಲೆಕೆಳಗು ಮಾಡಿದ್ದು

‘ದನಿ’ಯ ತಮ್ಮನನ್ನು ಹಿಡಿದು ಕ್ರೀಸಿ ಫೋನ್ ಮಾಡುತ್ತಾನೆ. ಆ ಕಡೆಯಿಂದ ಬರುವ ಮಾತು: ಹುಡುಗಿ ಬದುಕಿದ್ದಾಳೆ. ಜೀವಕ್ಕೆ ಜೀವ ಕೊಡು.

ಹಲವರು ಇದನ್ನು ಹಾಲಿವುಡ್ಡಿನ ಸುಲಭದ ದಾರಿ ಅನ್ನುತ್ತಾರೆ. ಕಾದಂಬರಿಯಲ್ಲಿ ಹುಡುಗಿ ನಿಜವಾಗಲೂ ಸಾಯುತ್ತಾಳೆ. ಕ್ರೀಸಿ ಸೇಡು ತೀರಿಸಿಕೊಂಡು ಬದುಕುತ್ತಾನೆ, ಲೇಖಕರು ಅವನನ್ನೇ ಇಟ್ಟುಕೊಂಡು ಇನ್ನೂ ಕಾದಂಬರಿಗಳನ್ನು ಬರೆದರು. ಸಿನಿಮಾದಲ್ಲಿ ತಕ್ಕಡಿ ಅದಲುಬದಲು. ಹುಡುಗಿ ಬದುಕುತ್ತಾಳೆ, ಅವನು ಸಾಯುತ್ತಾನೆ.

ನನಗೆ ಇದು ಸುಲಭದ ದಾರಿ ಅನಿಸುವುದಿಲ್ಲ. ಯೋಚಿಸಿ. ಇಷ್ಟು ಹೊತ್ತು ಅವನು ಬೆರಳು ಕತ್ತರಿಸಿದ್ದು, ಸುಟ್ಟದ್ದು, ಸಿಡಿಸಿದ್ದು ಎಲ್ಲಾ ಸತ್ತುಹೋದ ಮಗುವಿನ ಹೆಸರಿನಲ್ಲಿ. ನಾವು ತಲೆದೂಗಿದ್ದೂ ಅದೇ ಹೆಸರಿನಲ್ಲಿ. ಮಗು ಸತ್ತೇ ಇರಲಿಲ್ಲ. ಹಾಗಾದರೆ ನಾವು ಒಪ್ಪಿಗೆ ಕೊಟ್ಟದ್ದು ಯಾವುದಕ್ಕೆ? ಇನ್ನೊಂದು ಕಡೆಯಿಂದ ನೋಡಿದರೆ, ಅವನು ಅಷ್ಟು ದೂರ ಹೋಗಿರದಿದ್ದರೆ ಅವಳು ಬದುಕಿರುವುದು ಗೊತ್ತೇ ಆಗುತ್ತಿರಲಿಲ್ಲ. ಸಿನಿಮಾ ಎರಡನ್ನೂ ನಮ್ಮ ಮಡಿಲಿಗೆ ಹಾಕುತ್ತದೆ. ಸೇಡು ಅಲ್ಲಿಗೆ ನಿಲ್ಲುತ್ತದೆ, ಬಾಡಿಗಾರ್ಡ್ ಕೆಲಸ ಮತ್ತೆ ಶುರುವಾಗುತ್ತದೆ. ಈ ಸಲ ಸಂಬಳ ಇಲ್ಲ.

ಕಥೆಗೆ ಆಮೇಲೂ ಓಡಾಟ ಇತ್ತು. 2005ರ ಡಿಸೆಂಬರ್‌ನಲ್ಲಿ ಇದೇ ಎಳೆಯ ಮೇಲೆ ಅಮಿತಾಭ್ ಬಚ್ಚನ್ ಅವರ ‘ಏಕ್ ಅಜ್ನಬೀ’ ಬಂತು, ಮೆಕ್ಸಿಕೋ ಹೋಗಿ ಬ್ಯಾಂಕಾಕ್ ಆಯಿತು. ಡೆನ್ಜೆಲ್ ವಾಷಿಂಗ್ಟನ್ ಮತ್ತು ಡಕೋಟಾ ಫ್ಯಾನಿಂಗ್ ಮತ್ತೆ ಒಟ್ಟಿಗೆ ನಟಿಸಿದ್ದು 2023ರ ‘ದಿ ಈಕ್ವಲೈಜರ್ 3’ರಲ್ಲಿ. ಅದು ನಡೆಯುವುದು ಇಟಲಿಯಲ್ಲಿ, ಈ ಕಥೆ ಹುಟ್ಟಿದ ನೆಲದಲ್ಲಿ. ಟೋನಿ ಸ್ಕಾಟ್ ಅಷ್ಟರಲ್ಲಿ ಇರಲಿಲ್ಲ, 2012ರಲ್ಲೇ ತೀರಿಕೊಂಡಿದ್ದರು.

ಕೊನೆಯ ದೃಶ್ಯ ಒಂದು ಸೇತುವೆ. ಈ ತುದಿಯಲ್ಲಿ ಲೀಸಾ, ಆ ತುದಿಯಲ್ಲಿ ಕಳ್ಳರು. ಮೈಯೆಲ್ಲಾ ರಕ್ತವಾದ ಕ್ರೀಸಿ ಕಾಲೆಳೆಯುತ್ತಾ ಮೇಲೇರುತ್ತಾನೆ. ಪೀಟಾ ಆ ಕಡೆಯಿಂದ ಬಂದು ಅವನನ್ನು ತಬ್ಬಿಕೊಳ್ಳುತ್ತಾಳೆ. ಒಂದೆರಡು ಮಾತು. ಅಮ್ಮ ಕಾಯುತ್ತಿದ್ದಾಳೆ, ಮನೆಗೆ ಹೋಗು ಅನ್ನುತ್ತಾನೆ. ನೀನೆಲ್ಲಿಗೆ ಅಂದರೆ, ನಾನೂ ಮನೆಗೇ ಅನ್ನುತ್ತಾನೆ. ಪೀಟಾ ಓಡುತ್ತಾಳೆ. ಈ ಸಲ ಗುಂಡಿನ ಸದ್ದು ಬೇಕಾಗಲಿಲ್ಲ.